ಮೊಣಕಾಲಿನಿಂದ ಆಚೆ

ಅಂಡಮಾನಿಗೆ ಹೊರಡಲು ಇನ್ನು ಎಂಟೇ ದಿನ ಎಂದು ನೆನೆದಾಗಲೆಲ್ಲ ಚಂಪಾಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಐವತ್ತೊಂದು ವರ್ಷದವಳು, ಗಂಡ ತನಿಯಪ್ಪನ ಜೊತೆ ನೋಯ್ಡಾದಲ್ಲಿ ಇಪ್ಪತ್ತಾರು ವರ್ಷಗಳಿಂದ ಹೋಟೆಲು ನಡೆಸುತ್ತಿರುವವಳು, ಕೈಯಲ್ಲಿ ಸೌಟು ಹಿಡಿದುಕೊಂಡೇ ಕಾಲ್ಬೆರಳ ಮೇಲೆ ಸಣ್ಣಗೆ ಜಿಗಿಯುತ್ತಿದ್ದಳು. ಅಲ್ಲಿಯ ದ್ವೀಪವೊಂದರಲ್ಲಿ ಸ್ಕೂಬಾ ಡೈವಿಂಗ್ ಮಾಡುತ್ತೇನೆಂದು ಮಗಳು ಶ್ರಾವ್ಯಾ ಹೇಳಿದ ದಿನ, ನಾನೂ ಬರುತ್ತೇನೆ ಎಂಬ ಮಾತು ತನ್ನ ಬಾಯಿಂದಲೇ ಬಂದದ್ದು ಕೇಳಿ ಅವಳಿಗೇ ಆಶ್ಚರ್ಯವಾಗಿತ್ತು. ತನಿಯಪ್ಪ ದೋಸೆ ಮಗುಚುತ್ತಲೇ ಹೇಳಿದ್ದ: “ಹೋಗು ಮಾರಾಯ್ತಿ. ಅಲ್ಲಿ ಮೀನುಗಳ ಹತ್ರ ಚಟ್ನಿ ವಿಷಯಕ್ಕೆ ಜಗಳ ತೆಗೀಬೇಡ, ಅಷ್ಟೇ.”

ಅವಳು ಹುಟ್ಟಿದ್ದು ಕಡಲಿನಿಂದ ಕೂಗಳತೆಯಲ್ಲಿ. ಅಣ್ಣಂದಿರು ದೋಣಿಯಿಂದ ಧುಮುಕುತ್ತಿದ್ದರು. ಹೆಣ್ಣುಮಕ್ಕಳಿಗೆ ನೀರು ಮೊಣಕಾಲಿನ ತನಕ ಮಾತ್ರ. ಹಿಂದೆ ಸರಿಯುವ ಅಲೆ ಕಾಲಡಿಯ ಮರಳನ್ನು ಎಳೆದುಕೊಂಡು ಹೋದಾಗ, ಅದು ಎಲ್ಲಿಗೆ ಹೋಗುತ್ತದೆಂದು ನೋಡಬೇಕೆನಿಸುತ್ತಿತ್ತು. ಮದುವೆಯಾಗಿ ದೆಹಲಿಯ ಕಡೆಗೆ ಬಂದ ಮೇಲೆ ಆ ಆಸೆಯ ಬಗ್ಗೆ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಬೇಸಿಗೆಯಲ್ಲಿ ಅಪಾರ್ಟ್‌ಮೆಂಟ್ ಸೊಸೈಟಿಯ ಕೊಳದಲ್ಲಿ ಈಜು ಕಲಿತಾಗಿತ್ತು. ತೊಡಕಾದದ್ದು ಫರೀದಾಬಾದಿನಲ್ಲಿ, ಚಳಿಗಾಲಕ್ಕೆಂದು ನೀರು ಬೆಚ್ಚಗಿಡುವ ಕೊಳದಲ್ಲಿ. ಅಲ್ಲಿ ಡೈವಿಂಗ್ ಕಲಿಸುತ್ತಿದ್ದವರು ನೌಕಾಪಡೆಯಿಂದ ನಿವೃತ್ತರಾದ ಕೊಡಗಿನ ಚಿಣ್ಣಪ್ಪ. ಕಣ್ಣು, ಮೂಗು ಎರಡನ್ನೂ ಮುಚ್ಚುವ ಮಾಸ್ಕ್. ಉಸಿರಾಟವೆಲ್ಲ ಬೆನ್ನಿನ ಸಿಲಿಂಡರಿಗೆ ಜೋಡಿಸಿದ, ಬಾಯಲ್ಲಿ ಕಚ್ಚಿಕೊಂಡ ಕೊಳವೆಯಿಂದ. ಕೊಳದ ತಳದಲ್ಲಿ ಮಂಡಿಯೂರಿ, ಮಾಸ್ಕಿನೊಳಗೆ ನೀರು ತುಂಬಿಸಿಕೊಂಡು, ಮೂಗಿನಿಂದ ಉಸಿರು ಊದಿ ಅದನ್ನು ಹೊರಹಾಕಬೇಕು. ಚಂಪಾ ಊದುವ ಬದಲು ಎಳೆಯುತ್ತಿದ್ದಳು.

ಅದಕ್ಕೆ ಕಾರಣ ಅವಳ ಅಡುಗೆಮನೆ. ಅಲ್ಲಿ ಮೊದಲ ಸೌಟು ದೇವರಿಗೆ. ಅದಕ್ಕೂ ಮುಂಚೆ ಯಾರೂ ರುಚಿ ನೋಡುವಂತಿಲ್ಲ. ಸಾಂಬಾರಿನ ಉಪ್ಪು, ಹುಳಿ ಎಲ್ಲವನ್ನೂ ಅವಳು ಆವಿಗೆ ಮೂಗೊಡ್ಡಿಯೇ ತಿಳಿಯುತ್ತಿದ್ದಳು. ಯಾವುದರ ಬಗ್ಗೆ ಅನುಮಾನ ಬಂದರೂ ಮೂಗು ತಾನಾಗಿ ಒಮ್ಮೆ ಎಳೆದುಕೊಳ್ಳುತ್ತಿತ್ತು. ನೀರಿನಡಿಯಲ್ಲಂತೂ ಬರೀ ಅನುಮಾನವೇ. ಎರಡು ಭಾನುವಾರ ಕೆಮ್ಮುತ್ತ ಮೇಲೆ ಬಂದಿದ್ದಳು.

ಇವತ್ತು ಮೂರನೆಯ ಭಾನುವಾರ, ಕೊನೆಯದು.

“ನೋಡಿಮ್ಮಾ,” ಎಂದರು ಚಿಣ್ಣಪ್ಪ, “ಮುಖ ನೋಡಿ ಸರ್ಟಿಫಿಕೇಟಿಗೆ ಸಹಿ ಹಾಕೋನಲ್ಲ ನಾನು. ಇವತ್ತು ಆಗ್ಲಿಲ್ಲ ಅಂದ್ರೆ ಅಲ್ಲಿ ನೀವು ದೋಣಿಯಲ್ಲೇ ಕೂರ್ಬೇಕು.”

“ಟೆನ್ಶನ್ ಮತ್ ಲೋ, ಅಮ್ಮಾ,” ಎಂದು ಹಿಂದಿ ಬೆರೆಸಿ ಸಮಾಧಾನ ಹೇಳಿದಳು ಜೊತೆಗೆ ಬಂದಿದ್ದ ಶ್ರಾವ್ಯಾ. “ದೋಣಿಯಿಂದಾನೂ ಸಮುದ್ರ ಕಾಣುತ್ತೆ ನಾ.”

ಮಗಳು ಪ್ರೀತಿಯಿಂದಲೇ ಹೇಳಿದ್ದು. ಆದರೆ ಆ ಪ್ರೀತಿ ಚಂಪಾಳಿಗೆ ಚುರ್ರೆಂದಿತು. ಇಷ್ಟು ಸಾಕು ನಿನಗೆ ಎಂದು ಅಂದು ದಡದಲ್ಲಿ ಹೇಳಿದವರೂ ಪ್ರೀತಿಯವರೇ ಆಗಿದ್ದರು. ಅವಳು ಮಾಸ್ಕನ್ನು ಮುಖಕ್ಕೆ ಎಳೆದುಕೊಂಡಳು.

ಮೊದಲ ಸಲ ಮತ್ತೆ ಕೆಮ್ಮು. ಎರಡನೆಯ ಸಲ ತಳದಲ್ಲಿ ಕುಳಿತು ಮಾಸ್ಕಿನ ಅಂಚು ಬಿಡಿಸಿದಾಗ ನೀರು ಮೆಲ್ಲಗೆ ಕಣ್ಣಿನ ತನಕ ಏರಿತು. ಮೂಗು ಎಳೆಯಲು ಹೊರಟಿತು. ಆ ಗಳಿಗೆಯಲ್ಲಿ ಅವಳಿಗೆ ಬಾಣಲೆಯಲ್ಲಿ ಹುರಿಯುವ ಬ್ಯಾಡಗಿ ಮೆಣಸಿನಕಾಯಿ ನೆನಪಾಯಿತು. ಘಾಟು ಎದ್ದಾಗ ಯಾರು ಮೂಗೆಳೆಯುತ್ತಾರೆ? ಆಗ ಅವಳು ಬಾಯಲ್ಲಿ ಉಸಿರು ತುಂಬಿಕೊಂಡು ಮೂಗಿನಿಂದ ಆಚೆ ತಳ್ಳುವವಳು, ದಿನಾ, ಯೋಚಿಸದೆ. ಮಾಸ್ಕಿನ ಮೇಲಂಚನ್ನು ಒತ್ತಿ, ಮುಖವೆತ್ತಿ, ಮೆಣಸಿನ ಘಾಟಿಗೆ ಊದುವ ಹಾಗೆ ಊದಿದಳು.

ನೀರು ಇಳಿಯಿತು. ಹುಬ್ಬು, ಕಣ್ಣು, ಕೆನ್ನೆ. ಎದುರಿಗೆ ಚಿಣ್ಣಪ್ಪನವರ ನರೆಗೂದಲು ನೀರಲ್ಲಿ ನೆಟ್ಟಗೆ ನಿಂತಿದ್ದು ಒಂದೊಂದಾಗಿ ಕಂಡಿತು. ಅವರು ಇನ್ನೊಮ್ಮೆ ಎಂದು ಬೆರಳು ತೋರಿಸಿದರು. ಅವಳು ಮತ್ತೆ ತುಂಬಿಸಿ ಊದಿದಳು. ಹೇಳದಿದ್ದರೂ ಮೂರನೆಯ ಸಲವೂ ಊದಿದಳು. ಚಿಣ್ಣಪ್ಪ ನೀರಿನಡಿಯಲ್ಲೇ ಅವಳ ಕೈ ಕುಲುಕಿದರು.

ಮೇಲೆ ತೇಲುತ್ತಿದ್ದ ಶ್ರಾವ್ಯಾ ಹೆಬ್ಬೆರಳೆತ್ತಿ, ಆಯ್ತಲ್ಲ, ಮೇಲೆ ಬಾ ಎಂದು ಸನ್ನೆ ಮಾಡಿದಳು. ಆದರೆ ಚಂಪಾಳ ಕಣ್ಣು ಆಗಲೇ ಕೊಳದ ಆ ತುದಿಯಲ್ಲಿತ್ತು. ಅಲ್ಲಿ ತಳ ಇಳಿಜಾರಾಗಿ ಕಡುನೀಲಿಯೊಳಗೆ ಹೋಗುತ್ತಿತ್ತು. ಅವಳು ಅತ್ತ ಬೆರಳು ಮಾಡಿದಳು. ಚಿಣ್ಣಪ್ಪ ಕೈಗಡಿಯಾರ ನೋಡಿಕೊಂಡರು, ಅವಳನ್ನು ನೋಡಿದರು, ಆಮೇಲೆ ತಿರುಗಿ ಮುಂದೆ ಹೊರಟರು.

ಚಂಪಾ ಮಗಳಿಗೆ ತಾಳು ಎಂದು ಅಂಗೈ ತೋರಿಸಿ, ಇಳಿಜಾರಿನ ಗುಂಟ ಕೆಳಗೆ ಹೋದಳು.