ಮಗ್ಗ ನಿಲ್ಲಿಸಿದ್ದ ಮನೆ

ಸಾಕುಪ್ರಾಣಿಗಳ ಸಹವಾಸ ನನಗೆ ಬೇಡವೇ ಬೇಡ. ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದ ವಾರವೇ ಇದನ್ನು ಹೇಳಿಬಿಟ್ಟಿದ್ದೆ. ಆದರೂ ಭಾನುವಾರ ಮಧ್ಯಾಹ್ನ ಬಟ್ಟೆ ತೆಗೆಯಲು ಮಹಡಿಗೆ ಹೋದರೆ, ಬೂದು ಮೈಯ, ಹಳದಿ ಜುಟ್ಟಿನ ಕಾಕಟೀಲ್ ಹಕ್ಕಿಯೊಂದು ಹಗ್ಗದಿಂದ ಹಾರಿ ಸೀದಾ ನನ್ನ ಹೆಗಲ ಮೇಲೆ ಕೂತಿತು. ಯಾರೋ ಸಾಕಿದ್ದು. ನಡುಗುತ್ತಿತ್ತು. ಕೊಡವಲು ಎತ್ತಿದ ಕೈ ಹಾಗೇ ನಿಂತುಬಿಟ್ಟಿತು.

ನಮ್ಮತ್ತೆ ಅನ್ವರ್ ಬೇಗಂ ತಟ್ಟೆಯಲ್ಲಿ ನವಣೆ, ಬಟ್ಟಲಲ್ಲಿ ನೀರು ಇಟ್ಟರು. ನೀರು ಕುಡಿಯಿತು, ಕಾಳು ಮುಟ್ಟಲಿಲ್ಲ. ಹಕ್ಕಿ ಹೆದರಿದೆ, ಮನೆಯಲ್ಲಿ ಯಾರೂ ಸದ್ದು ಮಾಡಕೂಡದು ಎಂದು ನಾನೇ ಕಾನೂನು ಮಾಡಿದೆ. ಟಿವಿ ಬಂದ್, ಕುಕ್ಕರ್ ಬಂದ್. ಅತ್ತೆ ಸೀರೆಗೆ ಫಾಲ್ಸ್ ಹೊಲಿಯುವ ಮೋಟಾರು ಮಿಷನ್ನೂ ಬಂದ್. ನನ್ನ ಗಂಡ ಅನೀಸ್ ಸೀನಿದರೂ ಗುರಾಯಿಸಿದೆ. ವಾಟ್ಸಾಪ್ ಗುಂಪುಗಳಿಗೆಲ್ಲ ಫೋಟೊ ಹಾಕಿದೆವು, ನಮ್ಮದು ಎಂದು ಯಾರೂ ಬರಲಿಲ್ಲ.

ಸೋಮವಾರವೂ ತಿನ್ನಲಿಲ್ಲ. ಮಂಗಳವಾರ ಬೆಳಿಗ್ಗೆ ಅದರ ರೆಕ್ಕೆ ಜೋತು ಬಿದ್ದು, ಎದೆಯ ಮೂಳೆ ಕೈಗೆ ಸಿಗುತ್ತಿತ್ತು. ನನ್ನ ಕೈಯಲ್ಲೇ ಸಾಯುತ್ತದಲ್ಲ ಎನಿಸಿತು. ಡಾಕ್ಟರ ಹತ್ತಿರ ಒಯ್ಯೋಣವೆಂದು ರಟ್ಟಿನ ಡಬ್ಬಕ್ಕೆ ತೂತು ಮಾಡುತ್ತಿದ್ದಾಗ ಒಳಗೆ ಮಿಷನ್ ಗರಗರ ಎಂದಿತು.

"ಸಂಜೆಗೆ ಸೀರೆ ಕೊಡಬೇಕು. ನಿನ್ನ ಕಾನೂನು ಸಾಕು," ಎಂದರು ಅತ್ತೆ.

ಜಗಳಕ್ಕೆಂದೇ ಎದ್ದೆ. ಅಷ್ಟರಲ್ಲಿ ಹಕ್ಕಿಯ ಜುಟ್ಟು ನೆಟ್ಟಗಾಯಿತು. ತಟ್ಟೆಗೆ ಇಳಿದು ಕಾಳು ಕುಟುಕತೊಡಗಿತು. ಮಿಷನ್ ನಿಂತಿತು, ಹಕ್ಕಿಯೂ ನಿಂತಿತು. ಮತ್ತೆ ಓಡಿತು, ಮತ್ತೆ ತಿಂದಿತು.

"ನಿಲ್ಲಿಸಬೇಡಿ ಅತ್ತೆ," ಎಂದೆ, ಕಾನೂನು ಮಾಡಿದ ಅದೇ ಬಾಯಲ್ಲಿ.

ಅತ್ತೆ ನಕ್ಕರು. "ಇದು ಮಗ್ಗದ ಮನೇಲಿ ಬೆಳೆದಿರೋದು. ಸದ್ದಿಲ್ದಿದ್ರೇ ಇದಕ್ಕೆ ಭಯ."

ಹೊಟ್ಟೆ ತುಂಬ ತಿನ್ನಿಸಿ, ಡಬ್ಬ ಹಿಡಿದು ನೇಕಾರರ ಬೀದಿಗಳಿಗೆ ಹೊರಟೆ. ಮಗ್ಗದ ಮನೆ ಒಂದೆರಡೇ? ಎಲ್ಲೆಲ್ಲೂ ಕರೆಂಟ್ ಮಗ್ಗಗಳ ಖಟಖಟ. ಬಾಗಿಲಲ್ಲಿ ನಿಂತು ಗಂಟಲು ಹರಿದುಕೊಂಡರೂ ಒಳಗಿನವರಿಗೆ ಕೇಳಿಸದು. ಮೂರನೇ ಬೀದಿಯಲ್ಲಿ ಒಂದೇ ಒಂದು ಮನೆ ಸುಮ್ಮನಿತ್ತು. ಒಳಗೆ ಲೈಟು ಉರಿಯುತ್ತಿದೆ, ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇದೆ. ಹೊಸ್ತಿಲ ಮೇಲೆ ಒಬ್ಬ ಹೆಂಗಸು ಕೂತಿದ್ದರು.

"ಯಾಕಕ್ಕಾ, ಮಗ್ಗ ನಿಲ್ಲಿಸಿದೀರಾ?"

"ನಮ್ಮ ಹಕ್ಕಿ ಹಾರ್ಹೋಯ್ತು ಕಣಮ್ಮ," ಎಂದರು. ದನಿ ಪೂರ್ತಿ ಒಡೆದಿತ್ತು. "ಭಾನುವಾರ ಕರೆಂಟ್ ಹೋಗಿ ಮಗ್ಗ ನಿಂತೋಯ್ತಲ್ಲ, ಬೆಚ್ಚಿಬಿದ್ದು ಹೊರಟೋಯ್ತು. ನಾವು ಕೂಗೋದು ಕೇಳ್ಲಿ ಅಂತ ಅವತ್ತಿಂದ ಮಗ್ಗ ಹಾಕಿಲ್ಲ."

ಡಬ್ಬದ ಮುಚ್ಚಳ ತೆಗೆದೆ. ಅವರು ಬೆರಳು ಚಾಚಿದರು, ಹಕ್ಕಿ ಹತ್ತಿತು. ಅದನ್ನು ಕೆನ್ನೆಗೆ ಒತ್ತಿಕೊಂಡು ಮುನಿರತ್ನಮ್ಮ ಅತ್ತರು. ಹೆಸರು ಆಮೇಲೆ ಕೇಳಿದ್ದು. ನನಗೂ ಅಳು ಬಂತು, ನಾಚಿಕೆಯೇನೂ ಆಗಲಿಲ್ಲ.

"ಮೊದಲು ಮಗ್ಗ ಹಾಕಿ ಅಕ್ಕಾ," ಎಂದು ಕಣ್ಣೊರೆಸಿಕೊಂಡೆ. "ಅದು ಹುಡುಕ್ತಾ ಇದ್ದದ್ದು ಆ ಸದ್ದನ್ನ."

ಸ್ವಿಚ್ಚು ಒತ್ತಿದರು. ಮನೆಯೆಲ್ಲ ಅದುರಿತು. ಹಕ್ಕಿ ಮಗ್ಗದ ಮೇಲಿನ ಅಡ್ಡಪಟ್ಟಿಯಲ್ಲಿ ಕೂತು, ಮೈಯೆಲ್ಲ ಒದರಿಕೊಂಡು ಶಿಳ್ಳೆ ಹಾಕಿತು. ಮುನಿರತ್ನಮ್ಮ ಏನೋ ಕೇಳಿದರು, ಗೊತ್ತಾಗಲಿಲ್ಲ. ಕಿವಿಯ ಹತ್ತಿರ ಬಂದು ಇನ್ನೊಮ್ಮೆ ಕೇಳಿದರು.

"ಊಟ ಆಯ್ತಾ?"

ಭಾನುವಾರದಿಂದ ನಾನೂ ನೆಟ್ಟಗೆ ಉಂಡಿಲ್ಲವೆಂದು ಹೊಳೆದದ್ದು ಆಗಲೇ. ಇಲ್ಲ ಎಂದು ತಲೆಯಾಡಿಸಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.