ಶಿವವ್ವ ಬಡಿದ ರೊಟ್ಟಿ

ಒಲೆಯಲ್ಲಿ ಕುಡಗೋಲು ಕೆಂಪಗಾಗುತ್ತಿತ್ತು. ಶಿದ್ಲಿಂಗಪ್ಪ ತನ್ನ ತೀರಿಹೋದ ತಂಗಿಯ ಆರು ವರ್ಷದ ಮಗಳು ಶಿವವ್ವನ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದು ಕೂತಿದ್ದ. ದಿನವಿಡೀ ಬಚ್ಚಲಿಗೆ ಓಡಿ ತೊಳೆದು ತೊಳೆದು ಆ ಕೈಗಳು ಬಿರಿದು ರಕ್ತ ಜಿನುಗುತ್ತಿದ್ದವು. ಅಂಗೈಗೆ ಬರೆ ಎಳೆದರೆ ಚಟ ಬಿಡುತ್ತದೆಂದು ಅವನ ತೀರ್ಮಾನ. ಇದಕ್ಕೂ ಮೊದಲು ನೀರಿನ ಹಂಡೆಯ ಮೇಲೆ ಕಲ್ಲು ಹೇರಿಸಿದ್ದ, ಸಂಕೇಶ್ವರದಿಂದ ತಾಯಿತ ತರಿಸಿದ್ದ. ದಡ್ಡಿ ಊರಿನಲ್ಲಿ ಯಾರ ಮನೆಯ ತೊಂದರೆಗೂ ಅವನ ಹತ್ತಿರ ಉಪಾಯವಿತ್ತು. ಕೆಲಸವೊಂದನ್ನು ಬಿಟ್ಟು ಉಳಿದದ್ದೆಲ್ಲ ಗೊತ್ತಿದ್ದ ಗಂಡಸು.

ಹೊಲದಿಂದ ಬಂದ ಅವನ ತಾಯಿ ಭರಮವ್ವ ಕುಡಗೋಲನ್ನು ಎಳೆದು ನೀರಿಗೆ ಹಾಕಿದಳು. ಇಂಥವನನ್ನು ಹೆತ್ತೆನಲ್ಲ ಎಂದು ಅವಳಿಗೆ ಹೇಸಿಗೆ ಬಂತು. ಮೊಮ್ಮಗಳನ್ನು ಮಡಿಲಿಗೆ ಎಳೆದುಕೊಂಡು, ಯಾಕೆ ಹೀಗೆ ತೊಳೆಯುತ್ತೀ ಎಂದು ಕೇಳಿದಳು. ಕೂಸಿನ ತಾಯಿ ಸತ್ತ ಈ ಮೂರು ತಿಂಗಳಲ್ಲಿ ಆ ಮನೆಯಲ್ಲಿ ಯಾರೂ ಕೇಳಿರದ ಮಾತು ಅದು.

"ನಾ ಸತ್ತ ಇಲಿ ಮುಟ್ಟಿದ್ನಿ, ಆಯಿ. ಅದ ಕೈಲೆ ಅವ್ವಗ ನೀರ ಕೊಟ್ನಿ. ಅದಕ್ಕ ಅವ್ವ ಸತ್ಲಂತ. ಮಾಮಾ ಹೇಳ್ಯಾನ."

ಶಿದ್ಲಿಂಗಪ್ಪ ಜಂತಿ ನೋಡತೊಡಗಿದ. ಪ್ಲೇಗು ಬಂದು ಇಲಿ ಉದುರಿದ ದಿನವೇ ಊರವರೆಲ್ಲ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದರು. ಅಮಾವಾಸ್ಯೆ ಮುಂದಿದೆ, ಈಗ ಹೊಸ್ತಿಲು ದಾಟಬಾರದು ಎಂದು ಐದು ದಿನ ಎಲ್ಲರನ್ನೂ ಒಳಗೇ ಕೂಡಿಹಾಕಿದವನು ಇವನು. ತಂಗಿ ಸತ್ತ ಮೇಲೆ ತಪ್ಪು ಹೊರಿಸಲು ಈ ಶೂರನಿಗೆ ಸಿಕ್ಕಿದ್ದು ಕೂಸಿನ ತಲೆ. ಆ ಐದು ದಿನ ತಾನೂ ಬಾಯಿಗೆ ಬೀಗ ಹಾಕಿಕೊಂಡು ಕೂತದ್ದು ನೆನಪಾಗಿ, ಭರಮವ್ವನಿಗೆ ತನ್ನ ಮೇಲೂ ಅಷ್ಟೇ ಸಿಟ್ಟು ಬಂತು.

"ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ ಹಾಕಿದ್ರಂತ," ಎಂದಳು ಮಗನಿಗೆ. "ಮನಿ ಬಿಡಗೊಡಲಾರದಾಂವ ನೀ. ಸುಮ್ಮ ಕುಂತಾಕಿ ನಾ. ಈ ಕೂಸ ಏನ ಮಾಡೈತಿ?"

ಕೂಸು ನಂಬಲಿಲ್ಲ. ಮತ್ತೆ ಬಚ್ಚಲಿನತ್ತ ಎದ್ದಿತು. ಭರಮವ್ವ ಅದರ ಕೈ ಹಿಡಿದು ಜೋಳದ ಹಿಟ್ಟಿನ ಮುಂದೆ ಕೂರಿಸಿ, ಕೈ ತೊಳೆಯದೆ ಹಾಗೇ ನಾದು, ನಾನು ತಿನ್ನುತ್ತೇನೆ ಎಂದಳು. ತಿಂದರೆ ನೀನೂ ಸಾಯುತ್ತೀ ಎಂದು ಶಿವವ್ವ ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಲೇ ಬಡಿದ ರೊಟ್ಟಿ ಹರಿದು ಮೂರು ಮೂಲೆಯಾಯಿತು.

ಬೆಂದ ರೊಟ್ಟಿಯನ್ನು ಮುರಿದು ಭರಮವ್ವ ಅರ್ಧವನ್ನು ಮಗನ ಮುಂದೆ ಹಿಡಿದಳು. ಇಂದು ಸೋಮವಾರ, ಉಪವಾಸ ಎಂದ ಶಿದ್ಲಿಂಗಪ್ಪ. ಬೆಳಿಗ್ಗೆಯಷ್ಟೇ ಎರಡು ಬಟ್ಟಲು ನುಚ್ಚು ಮಜ್ಜಿಗೆ ಹೊಡೆದವನಿಗೆ ಆಗ ಸೋಮವಾರ ನೆನಪಾಗಿತ್ತು. ಅವನು ಕೈ ಹಿಂದಕ್ಕೆಳೆದುಕೊಂಡದ್ದನ್ನು ಶಿವವ್ವ ನೋಡಿದಳು.

"ಉಪವಾಸನ ಇರು," ಎಂದಳು ಭರಮವ್ವ. ಎರಡೂ ಅರ್ಧಗಳನ್ನು ಮೊಮ್ಮಗಳ ಎದುರಿಗೇ, ನಿಧಾನವಾಗಿ, ಒಂದು ಚೂರೂ ಉಳಿಸದೆ ತಿಂದು ಮುಗಿಸಿದಳು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಭರಮವ್ವನ ಮೂಗಿನ ಕೆಳಗೆ ಏನೋ ತಗುಲಿತು. ಶಿವವ್ವ ಹಾಸಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಬಿರಿದ ಬೆರಳನ್ನು ಅಲ್ಲಿ ಹಿಡಿದಿದ್ದಳು. ಭರಮವ್ವ ಎಚ್ಚರವಿದ್ದರೂ ಕಣ್ಣು ತೆರೆಯಲಿಲ್ಲ. ಬೇಕಿದ್ದಕ್ಕಿಂತ ತುಸು ಜೋರಾಗಿಯೇ ಉಸಿರು ಬಿಡುತ್ತ ಮಲಗಿದ್ದಳು.