ಕೊಪ್ಪರಿಗೆಯ ಮೇಲೆ ಕೂತವಳು

ಕೊಟ್ಟುಬಿಡುವುದೇ ಸರಿಯೇನೋ. ಆದರೆ ಕೊಟ್ಟರೆ ನಾಳೆಯಿಂದ ಅಡುಗೆ ಮಾಡುವುದು ಯಾವುದರಲ್ಲಿ? ಕೊಡದಿದ್ದರೆ ಅಪ್ಪನ ಹೆಸರಿನಲ್ಲಿ ಬೀದಿಗೆಲ್ಲ ಊಟ ಹಾಕುವುದು ಹೇಗೆ? ಅಡುಗೆಯವನ ತಲೆಯಲ್ಲಿ ಬೆಳಗಿನಿಂದ ಇದೇ ಕಡೆಗೋಲು ತಿರುಗುತ್ತಿತ್ತು.

ಅಪ್ಪ ಸತ್ತು ನಾಲ್ಕು ದಿನ. ಸಾವಿನ ಊಟಕ್ಕೆ ಬೀದಿಯ ಎಲ್ಲ ಮನೆಗಳನ್ನೂ ಕರೆಯಬೇಕೆಂಬುದು ಹಿಂದಿನಿಂದ ಬಂದದ್ದು. ಇಪ್ಪತ್ತು ವರ್ಷದಿಂದ ಅಂಥ ಊಟಗಳಿಗೆ ಒಲೆ ಹಚ್ಚಿದವನು ಅವನೇ. ಊಟದ ಖರ್ಚಿಗೆ ಓಲೆ ಮಾರಿದ ಆ ಮನೆಗಳ ಹೆಂಗಸರ ಬೋಳು ಕಿವಿಗಳನ್ನು ನೋಡಿಯೂ ನೋಡದವನಂತೆ ಬಡಿಸುತ್ತ ಮುಂದೆ ಸಾಗಿದ್ದ. ಈಗ ಸರದಿ ಅವನದು. ಮಾರಲು ಇದ್ದದ್ದು ಆ ದೊಡ್ಡ ತಾಮ್ರದ ಕೊಪ್ಪರಿಗೆಯೊಂದೇ.

ದೊಡ್ಡಪ್ಪ ಕರೆಸಿದ್ದ ಗುಜರಿಯವನು ಹಿತ್ತಲಿನ ಮರಕ್ಕೆ ತಕ್ಕಡಿ ಕಟ್ಟುತ್ತಿದ್ದ.

"ಅಳೆದೂ ಸುರಿದೂ ಕೂತ್ಕೋಬೇಡ," ಎಂದರು ದೊಡ್ಡಪ್ಪ. "ಊರಿಗೆಲ್ಲ ಬಡಿಸಿದೋನು, ನಿಮ್ಮಪ್ಪನ ಊಟಕ್ಕೆ ಬಂದೋರಿಗೆ ನೀರು ಕುಡಿಸಿ ಕಳಿಸ್ತೀಯಾ? ನಾನು ಬೀದೀಲಿ ತಲೆ ಎತ್ಕೊಂಡು ತಿರುಗ್ಬೇಕು ಕಣೋ."

ಹೂಂ ಎನ್ನಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಅಮ್ಮ ಹೊರಗೆ ಬಂದಳು. ನಾಲ್ಕು ದಿನದಿಂದ ಗೋಡೆ ನೋಡುತ್ತ ಕೂತಿದ್ದವಳು, ಬೋರಲು ಹಾಕಿದ್ದ ಕೊಪ್ಪರಿಗೆಯ ಮೇಲೆ ಹತ್ತಿ ಕೂತೇಬಿಟ್ಟಳು.

"ನನ್ನನ್ನೂ ಸೇರಿಸಿ ತೂಕ ಹಾಕಪ್ಪ," ಎಂದಳು ಗುಜರಿಯವನಿಗೆ.

"ಹಳೇ ಸಾಮಾನಿಗೆ ರೇಟು ಕಮ್ಮಿ ಅಜ್ಜಿ."

ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ದರ್ಜಿಯ ಹೆಂಡತಿ ಕಿಸಕ್ಕನೆ ನಕ್ಕಳು. ಅಮ್ಮನೂ ನಕ್ಕಳು.

ದೊಡ್ಡಪ್ಪನ ಮುಖ ಕೆಂಪಾಯಿತು. "ಹೇಳೋ ನಿಮ್ಮಮ್ಮಂಗೆ!"

ಅಮ್ಮನ ಪಾದಗಳು ನೆಲ ಮುಟ್ಟುತ್ತಿರಲಿಲ್ಲ. ಅವನು ಅವನ್ನೇ ನೋಡುತ್ತ ನಿಂತ.

"ಊಟ ಇಲ್ಲ ದೊಡ್ಡಪ್ಪ. ಬಂದೋರಿಗೆ ಚಹಾ ಕೊಡ್ತೀನಿ."

"ಜನ ಏನಂತಾರೆ?"

"ಇನ್ಮೇಲೆ ನಮ್ಮನೇಲೂ ಇಲ್ಲ ಅಂತಾರೆ!" ಉತ್ತರ ಬೇಲಿಯಾಚೆಯಿಂದ ಬಂತು. "ನಮ್ಮತ್ತೆ ಊಟಕ್ಕೆ ಹೊಲಿಗೆ ಮಷೀನು ಹೋಯ್ತು. ಉಂಡೋರು ಒಬ್ರಾದ್ರೂ ಆಮೇಲೆ ಮಷೀನೆಲ್ಲಿ ಅಂತ ಕೇಳಿದ್ರಾ?"

ಗುಜರಿಯವನು ತಕ್ಕಡಿ ಬಿಚ್ಚಿಕೊಂಡ. ಭಾನುವಾರ ಅದೇ ಕೊಪ್ಪರಿಗೆಯಲ್ಲಿ ಚಹಾ ಕುದಿಯಿತು, ಬೀದಿಗೆ ಬೀದಿಯೇ ಬಂತು. ಬೇರೆ ಸಾವಿನ ಮನೆಗಳಲ್ಲಿ ಉಂಡು ಕೈತೊಳೆದು ಹೊರಡುತ್ತಿದ್ದ ಜನ ಅಂದು ಲೋಟ ಹಿಡಿದು ಸಂಜೆಯವರೆಗೂ ಅಪ್ಪನ ಮಾತಾಡಿದರು, ಅವನ ಗೊರಕೆಯನ್ನು ಅಣಕಿಸಿ ನಕ್ಕರು. ಮುಖ ಊದಿಸಿಕೊಂಡು ಬಂದ ದೊಡ್ಡಪ್ಪ ಮೂರು ಲೋಟ ಕುಡಿದರು, ತಮ್ಮನ ಹೆಸರು ಹೇಳಿ ಅತ್ತರು. ಆ ವರ್ಷ ಬೀದಿಯಲ್ಲಿ ಇನ್ನೆರಡು ಸಾವಾದವು; ಎರಡೂ ಮನೆಗಳಲ್ಲಿ ಚಹಾ ಮಾತ್ರ. ಕೊಪ್ಪರಿಗೆ ಮದುವೆಮನೆಗಳಿಗೆ ಹೋಗಿಬರುತ್ತಿತ್ತು.

ಅಡುಗೆಯವನು ಗಟ್ಟಿಗ ಎಂದು ಬೀದಿಯೆಲ್ಲ ಹೇಳಿತು. ಅಮ್ಮ ಒಂದು ಗಳಿಗೆ ತಡಮಾಡಿದ್ದರೂ ತಾನು ಹೂಂ ಎಂದುಬಿಡುತ್ತಿದ್ದೆನೆಂದು ಅವನು ಯಾರಿಗೂ ಹೇಳಲಿಲ್ಲ.